ರಿಬ್ಬನ್ ಕಟ್ಟಿದ ಟ್ರಾನ್ಸ್‌ಫಾರ್ಮರ್

ನೆರೆಮನೆಯ ಸರೋಜಮ್ಮ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದು, ಕುಂಟುತ್ತಲೇ ನಮ್ಮನ್ನೆಲ್ಲ ಸರಿಸಿಕೊಂಡು ಬಂದು, ಟ್ರಾನ್ಸ್‌ಫಾರ್ಮರಿನ ಬೇಲಿಗೆ ಕಟ್ಟಿದ್ದ ಕೆಂಪು ರಿಬ್ಬನ್ನನ್ನು ಕಚಕ್ಕನೆ ಕತ್ತರಿಸಿಬಿಟ್ಟರು.

ತೊಂಬತ್ತರ ದಶಕದ ಕೊನೆಯ ಬೇಸಿಗೆ. ಶಿವಮೊಗ್ಗದ ರಾಗಿಗುಡ್ಡದಲ್ಲಿ ಮನೆಗಳು ಹೆಚ್ಚಿ, ಸಂಜೆಯಾದರೆ ವೋಲ್ಟೇಜ್ ಸಾಲದೆ ನಮ್ಮ ಬೀದಿಯ ಟ್ಯೂಬ್‌ಲೈಟುಗಳು ಹತ್ತುತ್ತಲೇ ಇರಲಿಲ್ಲ. ಬಲಗಾಲಿನಲ್ಲಿ ಶಕ್ತಿಯಿಲ್ಲದ ಸರೋಜಮ್ಮ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡಿದ್ದರು. ಅದು ಗುಂಯ್ ಎನ್ನುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಹೊಸ ಟ್ರಾನ್ಸ್‌ಫಾರ್ಮರ್ ಬಂದು ಕೂತು, ಪರೀಕ್ಷೆಯೂ ಮುಗಿದು ವಾರಗಳಾಗಿದ್ದವು. ಉದ್ಘಾಟನೆಗೆ ಮುಖಂಡರೊಬ್ಬರು ಬರಬೇಕೆಂದು ಅದಕ್ಕೆ ಕರೆಂಟ್ ಕೊಟ್ಟಿರಲಿಲ್ಲ.

"ಸಾಹೇಬ್ರು ಇನ್ನೂ ಡೇಟ್ ಕೊಟ್ಟಿಲ್ಲಮ್ಮ, ನಾನೇನ್ ಮಾಡ್ಲಿ?" ಎಂದು ಅಲ್ಲಿಗೆ ಬಂದಿದ್ದ ಎಂಜಿನಿಯರ್ ಹೇಳಿದ್ದೇ ತಡ, ಸರೋಜಮ್ಮ ಮನೆಗೆ ಹೋಗಿ ಕತ್ತರಿ ತಂದಿದ್ದರು.

"ಉದ್ಘಾಟನೆ ಆಯ್ತಲ್ಲ, ಈಗ ಕರೆಂಟ್ ಕೊಡಿ ಮಾರಾಯ್ರೆ" ಎಂದರು.

ನಾವ್ಯಾರೂ ಜಾಗ ಬಿಟ್ಟು ಕದಲಲಿಲ್ಲ. ಎಂಜಿನಿಯರ್ ಸುತ್ತಲೂ ನೋಡಿ ಲೈನ್‌ಮನ್‌ಗೆ ಕೈಸನ್ನೆ ಮಾಡಿದರು. ಆ ಸಂಜೆ ಹೊಲಿಗೆ ಯಂತ್ರದ ಸದ್ದು ಬೀದಿಗೆಲ್ಲ ಕೇಳಿಸಿತು.

ಕೆಲ ದಿನ ಕಳೆದು ಮುಖಂಡರು ಬಂದರು. ಅವರು ಸ್ವಿಚ್ ಒತ್ತಿದಾಗಲೇ ದೀಪ ಹತ್ತಬೇಕಲ್ಲ, ಅದಕ್ಕೆಂದು ಬೆಳಗಿನಿಂದಲೇ ಇಡೀ ಬೀದಿಯ ಕರೆಂಟ್ ತೆಗೆದಿದ್ದರು. ಬೇಲಿಗೆ ಹೊಸ ರಿಬ್ಬನ್ ಕಟ್ಟಿದ್ದರು. ಸರೋಜಮ್ಮನ ಯಂತ್ರದಲ್ಲಿ ಯಾರದೋ ಮದುವೆಯ ರವಿಕೆ ಅರ್ಧಕ್ಕೇ ನಿಂತಿತ್ತು.

ಆ ಮುಖಂಡರ ಹೆಸರಿನ ಉದ್ಘಾಟನೆಯ ಕಲ್ಲು ಈಗಲೂ ಅಲ್ಲಿದೆ, ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಮ್ಮ ಬೀದಿಗೆ ಬೆಳಕು ತಂದದ್ದು ಸರೋಜಮ್ಮನ ಕತ್ತರಿ. ಆ ಮಹಾಶಯರು ಬಂದ ದಿನ ನಮಗೆ ಸಿಕ್ಕಿದ್ದು ಪವರ್ ಕಟ್.