ಸೀರೆ ಕದ್ದವರ ದಂಡ

ಗೆಳೆಯರೇ, ಇವತ್ತು ಮಧ್ಯಾಹ್ನ ಗಂಗಾವತಿಯಲ್ಲಿ ಖಾದರ್‌ಬೀ ಅವರ ಬಟ್ಟೆ ಅಂಗಡಿಯಲ್ಲಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹಿರಿಯರೊಬ್ಬರು ಸೀರೆಯೊಂದನ್ನು ಚೀಲಕ್ಕೆ ತುರುಕಿ ಸಿಕ್ಕಿಬಿದ್ದರು. ಪೊಲೀಸಪ್ಪ ಬಂದ.

“ಸ್ಟೇಷನ್ ಯಾಕ ಬೇಕ್ರಿ? ಇಲ್ಲೇ ದಂಡ ಕಟ್ಟಿ ಹೋಗ್ರಿ” ಎಂದ.

ಹಿರಿಯರು ಪಾಕೀಟು ತೆಗೆದು ದಂಡ ಕಟ್ಟಿ ಹೊರಟರು.

ಸೀರೆಯನ್ನು ಮತ್ತೆ ಮಡಚುತ್ತ ಖಾದರ್‌ಬೀ, “ಯಜಮಾನ್ರ, ದಂಡ ಪೊಲೀಸರಿಗೆ ಕೊಟ್ರಿ. ಅಂಗಡಿ ನಂದೈತ್ರಿ. ನನಗ ತಪ್ಪಾತು ಅಂತ ಒಂದ್ ಮಾತು ಅನ್ರಿ” ಎಂದರು.

ಹಿರಿಯರು ಬಾಗಿಲಲ್ಲೇ ನಿಂತರು. ಆಮೇಲೆ ಮತ್ತೆ ಪಾಕೀಟು ತೆಗೆದು, “ನಿಮಗೆಷ್ಟು ಕೊಡ್ಲಿ ಹೇಳ್ರಿ” ಎಂದರು.

“ಏನೂ ಬ್ಯಾಡ್ರಿ, ಹೋಗ್ರಿ” ಎಂದು ಖಾದರ್‌ಬೀ ಮುಖ ತಿರುಗಿಸಿದರು.

‘ತಪ್ಪಾಯಿತು’ ಎನ್ನುವುದು ದಂಡಕ್ಕಿಂತ ಇಷ್ಟು ದುಬಾರಿ ಎಂದು ನನಗೆ ಗೊತ್ತಿರಲಿಲ್ಲ.