ಚೌಕಾಸಿ ಮಾಡಿ ತಂದ ಪ್ರೊಸೆಸರು

ಕುರಿ ವ್ಯಾಪಾರದಲ್ಲಿ ನನಗೆ ಮೋಸ ಮಾಡಿದವರು ಮಾನ್ವಿ ಸುತ್ತಮುತ್ತ ಯಾರೂ ಇಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಹೇಳಬೇಕಾದದ್ದು ಮಾನ ಹೋದ ಸಂಗತಿ, ಅದಕ್ಕೆ ಮೊದಲು ಈ ಮುದುಕಿಗೆ ಒಂದಿಷ್ಟು ಮಾನ ಇರಲಿ ಎಂದು ಹೇಳಿದೆ.

ನನ್ನ ಮೊಮ್ಮಗಳು ಹುಲಿಗೆಮ್ಮ ಮದುವೆಗಳ ವಿಡಿಯೋ ತೆಗೆಯುತ್ತಾಳೆ. ತೆಗೆಯುವುದು ಒಂದು ದಿನದ ಕೆಲಸ. ಆಮೇಲೆ ಕಂಪ್ಯೂಟರಿನಲ್ಲಿ ಬೇಡದ್ದನ್ನು ಕತ್ತರಿಸಿ, ಉಳಿದದ್ದನ್ನು ಒತ್ತಿ ಅಡಕ ಮಾಡಿ ಪೆನ್‌ಡ್ರೈವಿಗೆ ತುಂಬಬೇಕು. ಆ ಒತ್ತುವುದಕ್ಕೆ ಎನ್‌ಕೋಡಿಂಗ್ ಎನ್ನುತ್ತಾಳೆ. ಹತ್ತಿಯನ್ನು ತುಳಿದು ತುಳಿದು ಅಂಡಿಗೆ ಚೀಲಕ್ಕೆ ತುಂಬುತ್ತಾರಲ್ಲ, ಹಾಗೆ ಎಂದು ನಾನು ತಿಳಿದುಕೊಂಡೆ. ಅವಳ ಹಳೆ ಕಂಪ್ಯೂಟರ್ ಒಂದು ಮದುವೆ ತುಳಿಯಲು ಎರಡು ದಿನ ತೆಗೆದುಕೊಳ್ಳುತ್ತಿತ್ತು, ನಡುವೆ ಕೆಟ್ಟು ನಿಂತರೆ ಮತ್ತೆ ಮೊದಲಿನಿಂದ.

ಈ ಸಲದ ಮದುವೆಯ ವಿಡಿಯೋ ತಡವಾಗುವ ಹಾಗಿರಲಿಲ್ಲ. ದೇವದುರ್ಗದ ಖಾಜಾಸಾಬರ ಮಗಳ ನಿಕಾಹ್ ಮಾನ್ವಿಯಲ್ಲಿ ಆಗಿತ್ತು. ಅವರ ತಾಯಿ ಹುಸೇನಬಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರಿಂದ ಮೊಮ್ಮಗಳ ಮದುವೆ ನೋಡಿರಲಿಲ್ಲ. ಶುಕ್ರವಾರ ಆ ಹುಡುಗಿ ಅಜ್ಜಿಯ ಪಕ್ಕ ಕುಳಿತು ವಿಡಿಯೋ ತೋರಿಸಿ, ಶನಿವಾರ ಗಂಡನ ಊರಿಗೆ ಹೋಗುವವಳು. ಶುಕ್ರವಾರಕ್ಕೆ ಕೊಡುತ್ತೇನೆಂದು ಹುಲಿಗೆಮ್ಮ ಮಾತು ಕೊಟ್ಟಿದ್ದಳು. ಹೊಸ ಪ್ರೊಸೆಸರು ಯಾವುದು ಬೇಕೆಂದು ಒಂದು ತಿಂಗಳು ಮೊಬೈಲಿನಲ್ಲಿ ಓದಿ ಗೊತ್ತು ಮಾಡಿಕೊಂಡಿದ್ದಳು. ಪ್ರೊಸೆಸರು ಎಂದರೆ ಕಂಪ್ಯೂಟರಿನ ಮಿದುಳಂತೆ. ಬೆಲೆ ಕೇಳಿ, ಇಷ್ಟು ದುಬಾರಿ ಮಿದುಳು ತರಲು ಇವಳೊಬ್ಬಳನ್ನೇ ಬಿಡಬಾರದೆಂದು ನಾನೂ ರಾಯಚೂರಿನ ಬಸ್ಸು ಹತ್ತಿದೆ.

ಕುರಿ ಕೊಳ್ಳುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಬೇಕಾದ ಕುರಿಯ ಕಡೆ ನೋಡಬಾರದು, ಅದರ ಪಕ್ಕದ್ದನ್ನು ನೋಡಬೇಕು. ಮಾತಾಡುವವರು ಒಬ್ಬರೇ ಇರಬೇಕು. ಜೊತೆಗೆ ಬಂದವರು ಬಾಯಿ ಬಿಟ್ಟರೆ ದರ ಏರುತ್ತದೆ. ಕೈಗೆ ಕೈ ತಟ್ಟಿದ ಮೇಲೆ ಮಾತು ಮುರಿಯುವ ಹಾಗಿಲ್ಲ. ಇದೆಲ್ಲವನ್ನೂ ಬಸ್ಸಿನಲ್ಲೇ ಅವಳಿಗೆ ಹೇಳಿಕೊಟ್ಟೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಕಂಪ್ಯೂಟರ್ ಅಂಗಡಿಯವನು ಸಭ್ಯಸ್ಥ. ಎರಡು ಡಬ್ಬಿ ತಂದಿಟ್ಟು ಬಿಡಿಸಿ ಹೇಳಿದ. ಎರಡರಲ್ಲೂ ಕೋರುಗಳು, ಅಂದರೆ ಕೆಲಸದ ಆಳುಗಳು, ಅಷ್ಟಷ್ಟೇ. ಆದರೆ ಒಂದರೊಳಗೆ ಪರದೆಗೆ ಚಿತ್ರ ಕಳಿಸುವ, ವಿಡಿಯೋ ಬೇಗ ಒತ್ತುವ ಭಾಗ ಕೂಡಿಕೊಂಡಿದೆ. ಇನ್ನೊಂದರಲ್ಲಿ ಅದಿಲ್ಲ, ಅದಕ್ಕೇ ಅಗ್ಗ. ಮಾರುವವನು ಒಂದನ್ನು ಹೊಗಳಿದರೆ ನಾನು ಇನ್ನೊಂದನ್ನೇ ಹಿಡಿಯುವವಳು. ಆಳುಗಳು ಅಷ್ಟೇ ಇದ್ದ ಮೇಲೆ ಆ ಭಾಗ ಯಾತಕ್ಕೆ? ಉಣ್ಣೆ ಕತ್ತರಿಸಿದ ಕುರಿ ಅಗ್ಗಕ್ಕೆ ಸಿಗುತ್ತದೆ, ಮನೆಗೆ ತಂದ ಮೇಲೆ ಉಣ್ಣೆ ಬೆಳೆಯುತ್ತದೆ. ಪ್ರೊಸೆಸರಿಗೆ ಏನೂ ಬೆಳೆಯುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಹುಲಿಗೆಮ್ಮ ನನ್ನ ಸೆರಗು ಜಗ್ಗಿದಳು. "ಯವ್ವಾ, ನನಗ ಬೇಕಾಗಿದ್ದು ಆ ಭಾಗ ಇದ್ದದ್ದ."

"ನೀ ಸುಮ್ನಿರಬೇ, ನಿನಗೇನ್ ತಿಳೀತದ," ಎಂದೆ, ಅಂಗಡಿ ತುಂಬ ಜನರಿದ್ದಾಗ. ಅಗ್ಗದ ಡಬ್ಬಿಗೇ ಅಂಗಡಿಯವನ ಕೈ ಎಳೆದು ತಟ್ಟಿಯೂ ಬಿಟ್ಟೆ.

ಅವಳಿಗೆ ಇಪ್ಪತ್ತಾರು ವರ್ಷ. ಹಣ ಅವಳದು, ಕಸುಬು ಅವಳದು. ಆದರೂ ನಾಲ್ಕು ಜನರ ಮುಂದೆ ಅಜ್ಜಿಯ ಮಾತು ಮುರಿಯಲಿಲ್ಲ. ಬಿಚ್ಚಿ ತಂದಿದ್ದ ಹಳೆ ಕಂಪ್ಯೂಟರಿನ ಭಾಗಗಳನ್ನು ಬದಲಿಗೆ ಕೊಟ್ಟು ಡಬ್ಬಿ ಎತ್ತಿಕೊಂಡಳು. ಬರುವಾಗ ಅಗ್ಗಕ್ಕೆ ತಂದೆನೆಂದು ನಾನೇ ದಾರಿಯುದ್ದಕ್ಕೂ ಹೇಳಿಕೊಂಡೆ.

ಮನೆಯಲ್ಲಿ ಜೋಡಿಸಿದರೆ ಫ್ಯಾನು ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಹಾಗಾಗುತ್ತದೆಂದು ಅವಳಿಗೆ ಅಂಗಡಿಯಲ್ಲೇ ಗೊತ್ತಿತ್ತು. ಚಿತ್ರ ಕಳಿಸುವ ಬೇರೆ ಕಾರ್ಡು ಎರವಲು ಸಿಕ್ಕೀತೆಂದು ಊರೆಲ್ಲ ಕೇಳಿದಳು, ಸಿಗಲಿಲ್ಲ. ಶುಕ್ರವಾರ ಖಾಜಾಸಾಬರ ಫೋನು ಬಂತು.

"ತಪ್ಪು ನಂದರೀ. ಸಾಮಾನು ನೋಡಿ ತರಲಿಲ್ಲ ನಾನು," ಎಂದಳು ಹುಲಿಗೆಮ್ಮ.

ನಾನು ಪಕ್ಕದಲ್ಲೇ ಜೋಳ ಹಸನು ಮಾಡುತ್ತಿದ್ದೆ. ಫೋನು ಇಸಿದುಕೊಂಡು ನಿಜ ಹೇಳಲು ಒಂದು ಗಳಿಗೆ ಸಾಕಿತ್ತು. ಬೇಡದ ಕಡೆಯೆಲ್ಲ ಆಡಿದ ನನ್ನ ಬಾಯಿ ಆಗ ಏಳಲಿಲ್ಲ. ನಾನು ಮೂರನೇ ತರಗತಿಗೆ ಶಾಲೆ ಬಿಟ್ಟವಳು, ಅದಕ್ಕೆ ಯಾವತ್ತೂ ನಾಚಿದ್ದಿಲ್ಲ. ಅಂದು ಮಾತ್ರ ಕಲ್ಲು ಹುಡುಕುವ ನೆಪದಲ್ಲಿ ಮೊರದೊಳಗೆ ತಲೆ ತಗ್ಗಿಸಿದವಳು ಎತ್ತಲಿಲ್ಲ. ಹುಲಿಗೆಮ್ಮ ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ, ಚಹಾ ಬೇಕೇನು ಎಂದು ಕೇಳಿದಳು.

ಮರುದಿನ ನಾನೇ ರಾಯಚೂರಿಗೆ ಹೋಗಿ, ತಟ್ಟಿದ ಕೈಯ ಮಾತನ್ನು ನಾನೇ ಮುರಿದೆ. ಅಂಗಡಿಯವನು ನಗಲಿಲ್ಲ, ಅದೂ ಚುಚ್ಚಿತು. ಬದಲಿ ಪ್ರೊಸೆಸರು ಮಂಗಳವಾರ ಬಂತು. ನಾನು ರೊಟ್ಟಿ ಬಡಿದು ಏಳುವಷ್ಟರಲ್ಲಿ ಅದು ಇಡೀ ಮದುವೆಯನ್ನು ತುಳಿದು ತುಂಬಿ ಮುಗಿಸಿತ್ತು. ಅಷ್ಟು ಹೊತ್ತಿಗೆ ಆ ಹುಡುಗಿ ಗಂಡನ ಊರು ಸೇರಿ ಮೂರು ದಿನ.

ದೇವದುರ್ಗಕ್ಕೆ ಹುಲಿಗೆಮ್ಮನ ಜೊತೆ ನಾನೂ ಹೋದೆ. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಹತ್ತು ಸಲ ಜೋಡಿಸಿಕೊಂಡಿದ್ದೆ. ಹುಸೇನಬಿಯ ಮಂಚದ ಎದುರಿನ ಟಿವಿಗೆ ಹುಲಿಗೆಮ್ಮ ಪೆನ್‌ಡ್ರೈವ್ ಸಿಕ್ಕಿಸಿದಳು. ನಾನು ಶುರು ಮಾಡಿದೆ: "ತಡ ಆಗಿದ್ದು ನನ್ನಿಂದರೀ, ಈ ಹುಡುಗಿ ತಪ್ಪಲ್ಲ. ಅಂಗಡ್ಯಾಗ ನಾನ..."

ಹುಸೇನಬಿ ಟಿವಿಯಿಂದ ಕಣ್ಣು ಕೀಳದೆ ಕೈ ಎತ್ತಿದರು.

"ಸುಮ್ನ ಕುಂದ್ರವ್ವಾ. ನನ್ನ ಮೊಮ್ಮಗಳು ಬರಾಕತ್ತಾಳ."

ಮೊಮ್ಮಗಳು ಕೂರಬೇಕಾಗಿದ್ದ ಮಂಚದ ಅಂಚಿನಲ್ಲಿ ನಾನು ಕುಳಿತೆ. ಮೂರು ತಾಸಿನ ಮದುವೆ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಆಗುತ್ತದೆಂದು ನನಗೇ ಗೊತ್ತಿರಲಿಲ್ಲ.