ನೆಲಕ್ಕೂ ಬಾಗಿಲಿಗೂ ನಡುವೆ ಒಂದು ಬೆರಳು

ಬಡಗಿ ಮೇಸ್ತ್ರಿಗೆ ಬೀದಿಯವರು ಇಟ್ಟ ಹೆಸರು ಗರಗಸ. ಕೆಲಸವೂ ಹಾಗೆ, ಬಾಯಿಯೂ ಹಾಗೆ, ಅಡ್ಡ ಬಂದದ್ದನ್ನು ಕೊಯ್ದೇ ಮುಂದೆ ಹೋಗುವುದು. ಮೂವತ್ತು ವರ್ಷದಲ್ಲಿ ಅವನು ಕೂರಿಸಿದ ಒಂದು ಬಾಗಿಲೂ ನೆಲಕ್ಕೆ ಉಜ್ಜಿಲ್ಲ. ಅಡಿಯಲ್ಲಿ ಒಂದು ಬೆರಳು ಸಂದು ಬಿಡುವುದು ಅವನ ಪದ್ಧತಿ. ಮರ ತೇವ ಕುಡಿದು ಉಬ್ಬಿದರೂ ಕಿರುಬೆರಳಲ್ಲಿ ತಳ್ಳಿದರೆ ತೆರೆಯಬೇಕು.

ಆಮೇಲೆ ಬಾಗಿಲೇ ಬೇಡ ಎನ್ನುವ ಕಾಲ ಬಂತು. ಹಾಲ್, ಊಟದ ಕೋಣೆ, ಅಡುಗೆಮನೆ ಎಲ್ಲ ಒಂದೇ ಬಯಲಾಗಬೇಕೆಂದು ಜನ ಹಠ ಹಿಡಿದರು. ಅದೇ ಬೀದಿಯ ಟೀಚರಮ್ಮನ ಮನೆಯ ಅಡ್ಡಗೋಡೆಯೂ ಹೋಯಿತು. "ಮನೆ ಮಾಡ್ತಿದ್ದೀರೋ ಬಸ್ ಸ್ಟ್ಯಾಂಡ್ ಮಾಡ್ತಿದ್ದೀರೋ" ಎಂದು ಗರಗಸ ಸಿಡುಕಿದ್ದು ಯಾರ ಕಿವಿಗೂ ಬೀಳಲಿಲ್ಲ.

ಕೊರೋನಾ ಸೋಂಕು ಬಂದು ಶಾಲೆಯೇ ಆನ್‌ಲೈನ್ ಪಾಠವಾಗಿ ಮನೆಯೊಳಗೆ ನುಗ್ಗಿತು. ಅದೇ ಟೀಚರಮ್ಮ ಫೋನ್ ಮಾಡಿದರು. "ಮೇಸ್ತ್ರಿ, ನಂಗೊಂದು ಕೋಣೆ ಮಾಡ್ಕೊಡಿ. ನಾನು ಲೆಕ್ಕ ಹೇಳ್ಕೊಡ್ತಿದ್ರೆ ಹಿಂದೆ ನಮ್ಮತ್ತೆ ಕುಕ್ಕರ್ ಸೀಟಿ ಎಣಿಸ್ತಾರೆ. ಮಕ್ಕಳು ಅದನ್ನೇ ಉತ್ತರ ಅಂತ ಬರ್ಕೋತಾವೆ."

ಲಾಕ್‌ಡೌನ್ ಸಡಿಲಿಸಿದ ವಾರವೇ ಗರಗಸ ಹೋಗಿ ಹಾಲ್‌ನ ಮೂಲೆಗೆ ಮರದ ಗೋಡೆ ಎಬ್ಬಿಸಿದ. ಎರಡು ಪ್ಲೈವುಡ್ ಹಲಗೆ, ನಡುವೆ ಹಳೆ ಹಾಸಿಗೆಯ ಹತ್ತಿ. ಬಾಗಿಲನ್ನು ಕಿರುಬೆರಳಲ್ಲಿ ತಳ್ಳಿ ತೋರಿಸಿ ಮಾಸ್ಕಿನೊಳಗೇ ಮೀಸೆ ಕುಣಿಸಿದ.

ಮಾರನೆಯ ದಿನ ಫೋನಿನಲ್ಲಿ ಟೀಚರಮ್ಮನ ದನಿ ಸೋತಿತ್ತು. ಮಗನಿಗೆ ಅತ್ತೆ ಬೈದದ್ದೆಲ್ಲ ಪಾಠದ ಜೊತೆ ಮಕ್ಕಳ ಮನೆ ಸೇರಿತ್ತು. ಸೋಮವಾರವೂ ಹೀಗೇ ಆದರೆ ತರಗತಿ ಬೇರೆಯವರಿಗೆ ಎಂದು ಹೆಡ್ಮಿಸ್ ಖಡಾಖಂಡಿತ ಹೇಳಿದ್ದರು.

"ನನ್ನ ಗೋಡೇಲಿ ದೋಷ ಇಲ್ಲ. ನಿಮ್ಮತ್ತೆ ಗಂಟಲಲ್ಲಿದೆ."

"ಗಂಟಲು ಬದಲಾಯಿಸೋಕಾಗಲ್ಲ ಮೇಸ್ತ್ರಿ. ಬಾಗಿಲು ನೋಡಿ."

ಭಾನುವಾರ ಹೋಗಿ ಬಾಗಿಲು ಹಾಕಿಕೊಂಡು ಒಳಗೆ ಕೂತ. "ಸಿಡುಕು ಮೂತಿಯೋನು ಒಳಗೆ ನಿದ್ದೆ ಹೊಡೀತಿದ್ದಾನೋ ಏನೋ" ಎಂದು ಅತ್ತೆ ಗೊಣಗಿದ್ದು ಅವನ ಪಾದದ ಹತ್ತಿರದಿಂದ ಕೇಳಿಸಿತು. ಬಗ್ಗಿ ನೋಡಿದ. ಮೂವತ್ತು ವರ್ಷ ಹೆಮ್ಮೆಪಟ್ಟ ಆ ಒಂದು ಬೆರಳು ಸಂದಿನಿಂದಲೇ ಇಡೀ ಮನೆ ಒಳಗೆ ಬರುತ್ತಿತ್ತು.

ಸಂದು ಮುಚ್ಚಿದರೆ ಬಾಗಿಲು ಉಜ್ಜುತ್ತದೆ. ಉಜ್ಜುವ ಬಾಗಿಲು ತನ್ನ ಕೈಯಿಂದ ಹೊರಡುವುದೆಂದರೆ ಮರ್ಯಾದೆ ಹೋದ ಹಾಗೆ. ಎರಡು ಸಲ ಬಾಗಿಲು ಕಳಚಿದ, ನಾಲ್ಕು ಸಲ ಅದಕ್ಕೆ ಬೈದ. ಕೊನೆಗೆ ಅಡಿಯ ಉದ್ದಕ್ಕೂ ಕಾಲುವೆಯಂತೆ ತೋಡಿ ಕಂಬಳಿ ಪಟ್ಟಿ ಮಡಚಿ ಸೇರಿಸಿದ. ನೆಲವನ್ನು ಸವರುವಷ್ಟೇ ಇಳಿಬಿಟ್ಟ. ಮರ ನೆಲ ಮುಟ್ಟಲಿಲ್ಲ.

"ದೊಡ್ಡಮ್ಮಾ, ಈಗ ಬಾಯಿಗೆ ಬಂದಂಗೆ ಬೈರಿ" ಎಂದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, "ಬೈದ್ರಾ?" ಎಂದ.

"ನಿಮ್ಮಪ್ಪನ ತನಕ ಹೋಗಿದ್ದೆ."

"ಒಂದಕ್ಷರ ಕೇಳಿಸಿಲ್ಲ."

ಸೋಮವಾರ ಅವನು ಬಂದಾಗ ಒಳಗೆ ಪಾಠ ನಡೆದಿತ್ತು. ಅತ್ತೆ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದರು. "ಏನ್ ಮಾಡಿಟ್ರಿ ಮೇಸ್ತ್ರಿ, ಸೊಸೆ ಹೇಳೋದು ಒಂದೂ ಗೊತ್ತಾಗ್ತಿಲ್ಲ. ನಾನೂ ಭಿನ್ನರಾಶಿವರೆಗೆ ಬಂದಿದ್ದೆ."

ತರಗತಿ ಟೀಚರಮ್ಮನಿಗೇ ಉಳಿಯಿತು. ಆ ವರ್ಷ ಅದೇ ಬೀದಿಯಲ್ಲಿ ಗರಗಸ ಹನ್ನೊಂದು ಕೋಣೆ ಕಟ್ಟಿದ. ಒಳಗೆ ಕೂತು, ಮನೆಯವರಿಂದ ಹೊಟ್ಟೆ ತುಂಬ ಬೈಸಿಕೊಂಡು, ಏನೂ ಕೇಳಿಸಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಎದ್ದು ಬರುತ್ತಿದ್ದ.